ಅಳದ ಮಗುವನ್ನು ಹೊಗಳಬೇಡಿ

ಹಸುಗೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿದಾಗ ಅದು ಕಿಟಾರನೆ ಕಿರುಚಿಕೊಂಡರೆ "ಶಹಬ್ಬಾಸ್!" ಎನ್ನುತ್ತಿದ್ದ ಒಬ್ಬರ ಜೊತೆ ನಾನು ಹನ್ನೊಂದು ವರ್ಷ ಕೆಲಸ ಮಾಡಿದೆ. ಕೋಲಾರದ ಆಸ್ಪತ್ರೆಯೊಂದರ ಲ್ಯಾಬು ಅದು. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಅವರನ್ನು ಆಪಾ ಎಂದೇ ಕರೆಯುತ್ತಿದ್ದರು. ಅವರ ಮನೆಮಾತಿನಲ್ಲಿ ಹಾಗೆಂದರೆ ಅಕ್ಕ. ಕೆಲಸ ಬಿಟ್ಟ ನಾಲ್ಕೇ ತಿಂಗಳಿಗೆ, ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ನನ್ನಿಂದ ಆ ಹೆಸರಿಗೆ ಆದದ್ದೇ ಸಾಕು.

ಮಗು ಅತ್ತರೆ ಖುಷಿಪಡುವ ಇವರನ್ನು ಕಂಡರೆ ಹೊಸ ತಾಯಂದಿರಿಗೆ ಸಿಟ್ಟು.

"ಏನಮ್ಮಾ ನೀವು, ಚುಚ್ಚೋದೂ ಚುಚ್ತೀರ, ಮೇಲೆ ಶಹಬ್ಬಾಸ್ ಬೇರೆ!"

"ಅಳ್ಲಿ ಬಿಡಮ್ಮ. ಅಳೋಕೂ ಮೈಯಲ್ಲಿ ಕಸುವು ಬೇಕು. ನಿನ್ನ ಮಗನ ಒಲೆ ಚೆನ್ನಾಗಿ ಹತ್ಕೊಂಡಿದೆ."

ಅದೇ ಯಾರಾದರೂ ಬಂದು "ನಮ್ಮ ಪಾಪ ಬಲು ಒಳ್ಳೇದು, ಅಳೋದೇ ಇಲ್ಲ" ಅಂದರೆ ಆಪಾ ಮುಖದ ನಗು ಇಳಿಯುತ್ತಿತ್ತು. ಮಗುವಿನ ಅಂಗಾಲು ಮುಟ್ಟಿ ನೋಡುತ್ತಿದ್ದರು, ತಣ್ಣಗಿದೆಯೇ ಎಂದು. ಹಾಲು ಕುಡಿಯೋಕೆ ತಾನಾಗಿ ಏಳುತ್ತಾ, ಎಬ್ಬಿಸಬೇಕಾ? ಕಕ್ಕ ದಿನಾ ಆಗುತ್ತಾ? ಕಣ್ಣಿನ ಹಳದಿ ಹೋಯ್ತಾ? ಎಲ್ಲ ಕೇಳಿ ಮುಗಿಸಿ, "ಅಳದ ಮಗುವನ್ನ ಹೊಗಳಬೇಡಿ ಕಣ್ರಮ್ಮಾ" ಎನ್ನುತ್ತಿದ್ದರು. ಇದು ಡಾಕ್ಟರು ಕೇಳಬೇಕಾದದ್ದು, ಲ್ಯಾಬಿನವರದಲ್ಲ ಎಂದು ನರ್ಸುಗಳು ಗೊಣಗುತ್ತಿದ್ದರು. ಆಪಾ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ನನ್ನ ವಿಷಯವನ್ನೂ ಸ್ವಲ್ಪ ಹೇಳಬೇಕು. ಹೋಳೂರು ಕಡೆಯವಳು ನಾನು. ಅಪ್ಪ ಅಮ್ಮ ಇಬ್ಬರೂ ಹೆಬ್ಬೆಟ್ಟು. ರೇಷ್ಮೆ ಹುಳ ಸಾಕುವ ಮನೆ ನಮ್ಮದು. ಹುಳಕ್ಕೆ ಜಾಗ ಬೇಕಾದಾಗ ನಮ್ಮ ಚಾಪೆಗಳು ಹೊರಗೆ ಬರುತ್ತಿದ್ದವು. ಆ ಹುಳಗಳ ಪಕ್ಕ ಕೂತು ಓದಿ ಬಿ.ಎಸ್ಸಿ. ಮುಗಿಸಿದೆ, ಅದರ ಮೇಲೆ ಲ್ಯಾಬಿನ ಓದು ಓದಿದೆ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದೇ. ಇದನ್ನು ನಾಚಿಕೊಂಡು ಹೇಳುವ ಅಭ್ಯಾಸ ನನಗಿಲ್ಲ. ಅಪ್ಪ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಹಾಕಿಸಿ ಹುಳದ ಮನೆಯ ಬಾಗಿಲ ಮೇಲೆ ಮೊಳೆ ಹೊಡೆದು ಹಾಕಿದರು. ದೇವರ ಪಟದ ಪಕ್ಕ ಯಾಕೆ ಹಾಕಲಿಲ್ಲ ಎಂದು ಅಮ್ಮ ಕೇಳಿದರೆ, "ಗೂಡು ಕೊಳ್ಳೋರೆಲ್ಲ ಇಲ್ಲಿಗೇ ಬರೋದು, ನೋಡ್ಲಿ" ಅಂದರು.

ಆ ಜಂಬವನ್ನೇ ಹೊತ್ತುಕೊಂಡು ನಾನು ಲ್ಯಾಬಿಗೆ ಬಂದದ್ದು. ಮೊದಲ ದಿನವೇ ಆಪಾ ಮೇಲಿಂದ ಕೆಳಗೆ ನೋಡಿ ಕೇಳಿದರು:

"ಯಾವೂರೇ?"

"ಹೋಳೂರ್ ಕಡೆ. ರೇಷ್ಮೆ ಮನೆಯವರು."

"ಓಹೋ, ಗೂಡಿನವಳು! ನಮ್ಮಪ್ಪ ರೀಲರ್ ಕಣೇ. ನಿಮ್ಮಪ್ಪ ಎಷ್ಟು ಸಲ ಒದ್ದೆ ಗೂಡು ತಂದು ನಮ್ಮಪ್ಪನ ತಲೆಗೆ ಕಟ್ಟಿದಾರೋ."

ನಾನೂ ಬಿಡಲಿಲ್ಲ. "ನಿಮ್ಮಪ್ಪ ಒಳ್ಳೇ ಗೂಡಿಗೂ ಮೂಗೆಳೆದಿರ್ತಾರೆ ಬಿಡಿ."

"ಎಳೆದಿರ್ತಾರೆ, ಹೌ! ಎಳೆಯೋದೇ ನಮ್ಮ ಕಸುಬು" ಎಂದು ಜೋರಾಗಿ ನಕ್ಕರು. ಗೂಡು ಬೆಳೆಯುವವರಿಗೂ ಅದರಿಂದ ನೂಲು ತೆಗೆಯುವ ರೀಲರುಗಳಿಗೂ ನಮ್ಮ ಕಡೆ ಇದು ಮುಗಿಯದ ಜಗಳ. ಅವತ್ತಿನಿಂದ ನಾನು ಗೂಡಿನವಳೇ ಆದೆ.

ಲ್ಯಾಬು ಮೆಟ್ಟಿಲ ಕೆಳಗಿನ ಕೋಣೆ. ಕಿಟಕಿ ಇಲ್ಲ. ಬಾಗಿಲನ್ನು ಎರಡು ಕೈಯಲ್ಲಿ ಮೇಲೆತ್ತಿದರೆ ಮಾತ್ರ ತೆಗೆಯುತ್ತಿತ್ತು. ತಲೆಯ ಮೇಲೆ ಜನ ಹತ್ತಿ ಇಳಿಯುವ ಸದ್ದು ಬೆಳಿಗ್ಗೆಯಿಂದ ಸಂಜೆವರೆಗೆ. ಆ ಕೋಣೆಯಲ್ಲಿ ಆಪಾ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಹತ್ತನೇ ಕ್ಲಾಸಿನ ಮೇಲೆ ಒಂದು ಸಣ್ಣ ಕೋರ್ಸು, ಅಷ್ಟೇ ಅವರ ಓದು. ಗಂಡ ಬೇಗ ಹೋಗಿದ್ದರು. ಅಣ್ಣನ ಮನೆಯ ಹಿಂದಿನ ಒಂದು ರೂಮಿನಲ್ಲಿ, ಹಾಸಿಗೆ ಹಿಡಿದ ತಾಯಿಯ ಜೊತೆ ವಾಸ. ಬೆಂಗಳೂರಿನ ದೊಡ್ಡ ಲ್ಯಾಬಿನವರು ಇವರು ಕಳಿಸುವ ರಕ್ತದ ಕಾರ್ಡುಗಳ ಅಚ್ಚುಕಟ್ಟು ನೋಡಿ ಒಮ್ಮೆ ಕೆಲಸಕ್ಕೆ ಕರೆದಿದ್ದರಂತೆ. "ಅಮ್ಮನ್ನ ಎಲ್ಲಿ ಬಿಡ್ಲಿ? ಸೂಟ್‌ಕೇಸಲ್ಲಿ ಹಾಕ್ಕೊಂಡು ಹೋಗ್ಲಾ?" ಅಂತ ಬಿಟ್ಟುಬಿಟ್ಟರು.

ಅವರ ಬೆರಳುಗಳ ಬಗ್ಗೆ ಹೇಳದೆ ಇರಲಾಗದು. ಆರೇಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಕುದಿಯುವ ಬೇಸಿನ್ನಿನಲ್ಲಿ ಕೈಯಿಟ್ಟು ಗೂಡಿನ ಎಳೆ ಹುಡುಕಿದವರು. ಬೆರಳ ತುದಿಯ ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಆಸ್ಪತ್ರೆಗೆ ಬೆರಳೊತ್ತುವ ಹಾಜರಿ ಮೆಷಿನ್ನು ಬಂದಾಗ ಅದು ಇವರನ್ನು ಮನುಷ್ಯರೆಂದೇ ಒಪ್ಪಲಿಲ್ಲ. ಹತ್ತೂ ಬೆರಳು ಒತ್ತಿ, ಉಫ್ ಎಂದು ಊದಿ, ಸೆರಗಿಗೆ ಒರೆಸಿ ಮತ್ತೆ ಒತ್ತಿ, ಕೊನೆಗೆ "ಏ ಮೆಷಿನ್ನೇ, ನಾನು ಬಂದಿದೀನಿ ಕಣೋ, ನಂಬು" ಎಂದು ಒಳಗೆ ಬರುತ್ತಿದ್ದರು. ಎಲ್ಲರಿಗಿಂತ ಮೊದಲು ಬಂದವರ ಹೆಸರ ಮುಂದೆ ಗೈರುಹಾಜರಿ. ಅದನ್ನು ಸರಿ ಮಾಡಿಸಿಕೊಳ್ಳಲು ಪ್ರತಿ ತಿಂಗಳೂ ಆಫೀಸಿನ ಮುಂದೆ ನಿಲ್ಲಬೇಕಿತ್ತು.

ನಮ್ಮಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಮೂರನೇ ದಿನ ಹಿಮ್ಮಡಿಯಿಂದ ರಕ್ತ ತೆಗೆದು, ದಪ್ಪ ಕಾರ್ಡಿನ ಮೇಲೆ ಅಚ್ಚಾದ ಸೊನ್ನೆಗಳನ್ನು ತುಂಬಿಸಿ, ನೆರಳಿನಲ್ಲಿ ಒಣಗಿಸಿ ಬೆಂಗಳೂರಿಗೆ ಕಳಿಸುತ್ತಿದ್ದೆವು. ಮುಖ್ಯವಾಗಿ ಥೈರಾಯ್ಡ್ ಪರೀಕ್ಷೆಗೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಕತ್ತಿನ ಆ ಗ್ರಂಥಿ ಇರುವುದಿಲ್ಲ, ಇದ್ದರೂ ಕೆಲಸ ಮಾಡುವುದಿಲ್ಲ. ಹುಟ್ಟಿದಾಗ ನೋಡಿದರೆ ಗೊತ್ತಾಗುವುದೂ ಇಲ್ಲ. ಆದಷ್ಟು ಬೇಗ, ಎರಡು ವಾರದೊಳಗೆ ಗುಳಿಗೆ ಶುರುವಾದರೆ ಮಗು ಎಲ್ಲರ ಹಾಗೆ ಬೆಳೆಯುತ್ತದೆ. ತಡವಾದಷ್ಟೂ ಬುದ್ಧಿಗೆ ಪೆಟ್ಟು, ಆಮೇಲೆ ಎಷ್ಟು ಗುಳಿಗೆ ಕೊಟ್ಟರೂ ಆ ಪೆಟ್ಟು ಪೂರ್ತಿ ವಾಸಿಯಾಗುವುದಿಲ್ಲ.

ಇದು ಯಾಕೆ ಹೀಗೆ ಎಂದು ಆಪಾ ಒಂದು ದಿನ ನನ್ನನ್ನೇ ಕೇಳಿದರು. "ನೀನು ಓದಿದವಳಲ್ವಾ, ಹೇಳು. ಕತ್ತಲ್ಲಿರೋ ಗ್ರಂಥಿಗೂ ತಲೆಯಲ್ಲಿರೋ ಬುದ್ಧಿಗೂ ಏನ್ ಸಂಬಂಧ?"

ನನಗೆ ಖುಷಿಯಾಯಿತು. ಪರೀಕ್ಷೆಯಲ್ಲಿ ಬರೆದಂತೆ ಒಪ್ಪಿಸಿದೆ. ಜೀವಕೋಶದೊಳಗೆ ಮೈಟೊಕಾಂಡ್ರಿಯಾ ಎಂಬ ಪುಟ್ಟ ಪುಟ್ಟ ಅಂಗಗಳಿರುತ್ತವೆ. ಸಕ್ಕರೆ, ಆಮ್ಲಜನಕ ಸೇರಿಸಿ ಶಕ್ತಿ ತಯಾರಿಸುವುದು ಅವೇ. ಹುಟ್ಟಿದ ಹೊಸದರಲ್ಲಿ ಮಗುವಿನ ಮಿದುಳಿನ ನರಕೋಶಗಳು ಕವಲು ಚಾಚುತ್ತಾ, ಉದ್ದುದ್ದ ಎಳೆ ಬಿಟ್ಟು ಒಂದನ್ನೊಂದು ಹುಡುಕಿಕೊಂಡು ಹೋಗಿ ಸೇರುತ್ತಿರುತ್ತವೆ. ಅದಕ್ಕೆ ವಿಪರೀತ ಶಕ್ತಿ ಬೇಕು. ಆ ಮೈಟೊಕಾಂಡ್ರಿಯಾ ಎಷ್ಟಿರಬೇಕು, ಎಷ್ಟು ಚುರುಕಾಗಿ ಉರಿಯಬೇಕು ಎಂದು ನೋಡಿಕೊಳ್ಳುವುದರಲ್ಲಿ ಥೈರಾಯ್ಡ್ ಹಾರ್ಮೋನಿನ ಕೈ ದೊಡ್ಡದು. ಅದಿಲ್ಲದಿದ್ದರೆ ಸಕ್ಕರೆ ಇದ್ದೂ, ಉಸಿರು ಇದ್ದೂ, ಶಕ್ತಿ ಸಾಲದು. ಕೋಶ ಬದುಕಿರುತ್ತದೆ, ಎಳೆ ಚಾಚುವುದಿಲ್ಲ.

ಆಪಾ ಕೈಕಟ್ಟಿ ಕೇಳಿದರು. "ಅಂದ್ರೆ ಬೇಸಿನ್ನು" ಅಂದರು.

"ಏನಾಪಾ?"

"ಗೂಡಿದೆ, ನೀರಿದೆ, ಸೌದೆ ಇದೆ. ಒಲೆ ಮುಂದೆ ಕೂತು ಉರಿ ಮಾಡೋಳು ಇಲ್ಲ. ಚಿಕ್ಕವಳಾಗಿದ್ದಾಗ ಆ ಕೆಲಸ ನಂದೇ. ನಾನು ತೂಕಡಿಸಿದ್ರೆ ನೀರು ಉಗುರುಬೆಚ್ಚಗಾಗೋದು, ಗೂಡು ಎಳೇನೇ ಬಿಡ್ತಿರಲಿಲ್ಲ. ಅಪ್ಪ ಬಂದು ತಲೆಗೆ ಒಂದು ಬಿಡೋರು."

"ಹೂಂ, ಹಾಗೇ. ಆದ್ರೆ ಆಮೇಲೆ ಕುದಿಸಿದ್ರೆ ಗೂಡು ಎಳೆ ಬಿಡುತ್ತಲ್ವಾ? ಇಲ್ಲಿ ಬಿಡಲ್ಲ."

"ನೀನೆಂಥ ರೇಷ್ಮೆ ಮನೆಯವಳೇ! ಹಸಿ ಗೂಡು ಎಷ್ಟು ದಿನ ಕಾಯುತ್ತೆ? ಒಳಗಿನ ಹುಳ ಚಿಟ್ಟೆಯಾಗಿ ತೂತು ಹೊಡ್ಕೊಂಡು ಹೋಗುತ್ತೆ. ಆಮೇಲೆ ನೀನು ಇಡೀ ಟೇಕಲ್ ಬೆಟ್ಟದ ಸೌದೆ ತಂದು ಉರಿ ಹಾಕು, ಬರೋದೆಲ್ಲ ತುಂಡು ಎಳೆ."

ಮೂರು ವರ್ಷ ಓದಿ ಮಾರ್ಕು ತೆಗೆದಿದ್ದ ಪಾಠ ಅವತ್ತು ನನಗೆ ಅರ್ಥವಾಯಿತು. ಆದರೆ ಅರ್ಥವಾಗುವುದು ಬೇರೆ, ಕೆಲಸದಲ್ಲಿ ಅದು ಕೈಗೆ ಇಳಿಯುವುದು ಬೇರೆ.

ಕಾರ್ಡು ತುಂಬುವಾಗ ಆಪಾ ಒಂದು ಪ್ರಶ್ನೆ ಕೇಳುತ್ತಿದ್ದರು, ಅದು ಯಾವ ಫಾರಮ್ಮಿನಲ್ಲೂ ಇರಲಿಲ್ಲ. "ಬಾಣಂತನ ಯಾವೂರಲ್ಲಮ್ಮಾ?" ಉತ್ತರವನ್ನು ನಮ್ಮ ರಿಜಿಸ್ಟರಿನ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದರು, ಜೊತೆಗೆ ಅಜ್ಜಿಯದೋ ಸೋದರಮಾವನದೋ ಫೋನ್ ನಂಬರು. ನಮ್ಮ ಕಡೆ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಆಸ್ಪತ್ರೆಗೆ ತರುವ ತಾಯಿ ಕಾರ್ಡಿನಲ್ಲಿರುವುದು ಗಂಡನ ಊರು, ಗಂಡನ ನಂಬರು. ಮಗು ಮೂರು ತಿಂಗಳೋ ಐದು ತಿಂಗಳೋ ಇರುವುದು ತವರಿನಲ್ಲಿ. ಮಗುವಿಗೆ ಇನ್ನೂ ಹೆಸರೂ ಇಟ್ಟಿರುವುದಿಲ್ಲ. ಹಾಗಾಗಿ ರಿಪೋರ್ಟು ಬಂದಾಗ ಹುಡುಕಬೇಕಾದ್ದು ಬಾಣಂತನದ ಮನೆಯನ್ನು.

ನನಗೆ ಇದು ಹಳ್ಳಿಯವರ ಹರಟೆಯ ಹಾಗೆ ಕಾಣುತ್ತಿತ್ತು. ರಿಜಿಸ್ಟರಿನ ಅಂಚು ಕೊಳಕಾಗುತ್ತದಲ್ಲ ಎಂದು ಬೇಜಾರು. ನಾನು ತುಂಬಿದ ಪುಟಗಳಲ್ಲಿ ಕೆಂಪು ಬರಹ ಇರಲಿಲ್ಲ. ತಾಯಿ ಕಾರ್ಡಿನಲ್ಲಿದ್ದದ್ದನ್ನು ದುಂಡಗಿನ ಇಂಗ್ಲಿಷಿನಲ್ಲಿ ಇಳಿಸುತ್ತಿದ್ದೆ. ಆಪಾ ಎರಡು ಸಲ, ಮೂರು ಸಲ ಹೇಳಿದರು. "ತವರು ಕೇಳೇ ಗೂಡಿನವಳೇ." ಹೂಂ ಎನ್ನುತ್ತಿದ್ದೆ.

ಕೆಲಸಕ್ಕೆ ಸೇರಿ ಒಂದು ವರ್ಷ ತುಂಬಿರಲಿಲ್ಲ. ಆಪಾ ತಾಯಿಗೆ ಕೊನೆಗಾಲ ಬಂತು, ಅವರು ರಜೆ ಹಾಕಿದರು. ರಜೆಯ ಎರಡನೇ ದಿನ ಬೆಂಗಳೂರಿನಿಂದ ರಿಪೋರ್ಟು ಬಂತು. ನಾನು ಕಾರ್ಡು ತುಂಬಿದ್ದ ಒಂದು ಹೆಣ್ಣುಮಗು, ಹನ್ನೆರಡು ದಿನದ್ದು. ಥೈರಾಯ್ಡ್ ಪರೀಕ್ಷೆಯ ಅಂಕಿ ನೋಡಿದರೆ ಓದಿದವರಿಗೆ ಎದೆ ಝಲ್ಲೆನ್ನಬೇಕು, ಅಷ್ಟು ಹೆಚ್ಚಿತ್ತು. ಕೂಡಲೇ ಕರೆಸಿ ಎಂದು ಬರೆದಿದ್ದರು. ಕಾರ್ಡಿನಲ್ಲಿದ್ದ ನಂಬರಿಗೆ ಫೋನು ಮಾಡಿದೆ, ಸ್ವಿಚ್ ಆಫ್. ಗಂಡ ಲಾರಿ ಡ್ರೈವರು. ಮಾರನೇ ದಿನವೂ ಮಾಡಿದೆ. ಮಾಲೂರು ತಾಲ್ಲೂಕಿನಲ್ಲಿದ್ದ ಗಂಡನ ಊರಿನ ಆಶಾ ಕಾರ್ಯಕರ್ತೆಗೆ ಫೋನು ಮಾಡಿದೆ. "ಅವ್ರು ಇಲ್ಲಿಲ್ಲ ಮೇಡಂ, ಮನೆಗೆ ಬೀಗ" ಅಂದಳು. ನಾನು ರಿಜಿಸ್ಟರಿನಲ್ಲಿ ದಿನಾಂಕ ಹಾಕಿ, "ವಿಳಾಸದಲ್ಲಿಲ್ಲ" ಎಂದು ಬರೆದೆ. ಕೆಳಗೆ ಸಹಿ ಮಾಡಿದೆ.

ಆಪಾಗೆ ಫೋನು ಮಾಡಬಹುದಿತ್ತು. ಸಾವು ಕಾಯುತ್ತಿರುವ ಮನೆಗೆ ಕೆಲಸದ ಫೋನು ಮಾಡಬಾರದು ಎಂದು ಸುಮ್ಮನಾದೆ. ಮಕ್ಕಳ ಡಾಕ್ಟರಿಗೆ ಹೇಳಬಹುದಿತ್ತು. ವಿಳಾಸದಲ್ಲಿ ಇಲ್ಲದ ಮಗುವಿನ ಬಗ್ಗೆ ಏನು ಹೇಳುವುದು ಎಂದುಕೊಂಡೆ. ಸತ್ಯ ಹೇಳುತ್ತೇನೆ: ಸಹಿ ಮಾಡಿದ ಮೇಲೆ ನನಗೆ ಸಮಾಧಾನವೇ ಆಗಿತ್ತು.

ಒಂಬತ್ತು ದಿನ ಹಾಗೇ ಹೋಯಿತು.

ತಾಯಿಯನ್ನು ಮಣ್ಣು ಮಾಡಿ ಕೆಲಸಕ್ಕೆ ಬಂದ ಬೆಳಿಗ್ಗೆ ಆಪಾ ಮೊದಲು ತೆಗೆದದ್ದು ರಿಜಿಸ್ಟರನ್ನು. ಆ ಪುಟದಲ್ಲಿ ಬೆರಳು ನಿಂತಿತು. ನನ್ನ ಕಡೆ ತಿರುಗಿ ನೋಡಲಿಲ್ಲ. ಅದೇ ಆಶಾಗೆ ಫೋನು ಹಚ್ಚಿದರು.

"ಅಮ್ಮಾ, ಆ ಹುಡುಗಿ ತವರು ಯಾವ್ದು?"

"ತವರಾ? ಮುಳಬಾಗಿಲು ದಾಟಿ ಆಂಧ್ರದ ಗಡಿ ಹತ್ರ ಒಂದೂರು ಆಪಾ. ಅವಳಣ್ಣನ ನಂಬರ್ ಇದೆ, ಕೊಡ್ಲಾ?"

ಎರಡು ನಿಮಿಷ ಆಗಿರಲಿಲ್ಲ. ಆ ಎರಡು ನಿಮಿಷದಲ್ಲಿ ನಾನು ಎಲ್ಲಿಗೂ ಓಡಲಾಗದೆ ಆ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತಿದ್ದೆ. ಇವತ್ತಿಗೂ ಅಲ್ಲೇ ನಿಂತಿದ್ದೇನೆ ಅನ್ನಿಸುತ್ತದೆ.

ಅಣ್ಣ ಫೋನಿನಲ್ಲಿ ಒಪ್ಪಲಿಲ್ಲ. ಬಾಣಂತಿಯನ್ನು ಇಪ್ಪತ್ತೊಂದನೇ ದಿನಕ್ಕೆ ಗಾಳಿಗೆ ತರುವುದು ಹೇಗೆ, ಅಮ್ಮ ಬಿಡಲ್ಲ ಅಂದ. ಆಪಾ ಬ್ಯಾಗು ಎತ್ತಿಕೊಂಡು "ನಡಿ" ಅಂದರು. ಬಸ್ಸಿನಲ್ಲಿ ಮುಳಬಾಗಿಲಿಗೆ ಹೋದೆವು. ಅಲ್ಲಿಂದ ಆಟೋದಲ್ಲಿ ಹೋಗುವಾಗ "ಆಪಾ, ಬೈದುಬಿಡಿ" ಅಂದೆ. "ಈಗ ಅದಕ್ಕೆ ಟೈಮಿಲ್ಲ" ಅಂದರು.

ಆ ಮನೆಯೂ ರೇಷ್ಮೆ ಮನೆಯೇ. ಜಗಲಿಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ. ಅಜ್ಜಿ, ಅಂದರೆ ಬಾಣಂತಿಯ ತಾಯಿ, ಬಾಗಿಲಿಗೆ ಅಡ್ಡ ನಿಂತರು.

"ಎವರಮ್ಮಾ ಮೀರು? ಆಸ್ಪತ್ರೆಯೋರಾ? ಆವತ್ತೇ ರಕ್ತ ತಗೊಂಡ್ರಲ್ಲ, ಇನ್ನೂ ಸಾಲಲ್ವಾ?"

"ಮಗು ನೋಡಬೇಕಿತ್ತಮ್ಮ."

"ಬಾಣಂತಿ ರೂಮಿಗೆ ಯಾರನ್ನೂ ಬಿಡಲ್ಲ. ಹುಳದ ಮನೆಗೇ ಬಿಡಲ್ಲ, ಪಾಪನ ಹತ್ರ ಬಿಡ್ತೀನಾ? ನಮ್ಮ ಬಂಗಾರು ತಲ್ಲಿಗೆ ಏನೂ ಆಗಿಲ್ಲ. ಅಳೋದೇ ಇಲ್ಲ. ಎಬ್ಬಿಸಿ ಹಾಲು ಕುಡಿಸಬೇಕು, ಅಷ್ಟು ಸಾಧು."

ನಾನು ಬಾಯಿ ಹಾಕಿದೆ. ಹಾರ್ಮೋನು, ಮಿದುಳು, ಬುದ್ಧಿಮಾಂದ್ಯ. ಆ ಕೊನೆಯ ಪದಕ್ಕೆ ಅಜ್ಜಿ ಕೆರಳಿದರು. "ಮುಂದಕ್ಕೆ ಹೋಗು! ನಮ್ಮ ಮನೇಲಿ ಅಂಥಾವು ಹುಟ್ಟಲ್ಲ."

ಆಪಾ ನನ್ನ ಕೈ ಹಿಡಿದು ಹಿಂದಕ್ಕೆಳೆದರು. ತಾವು ಜಗಲಿಯ ತುದಿಯಲ್ಲಿ, ಸೊಪ್ಪಿನ ಹೊರೆಗೆ ಒರಗಿ ಕೂತುಬಿಟ್ಟರು. ಕುಡಿಯಲು ನೀರು ಕೇಳಿದರು. ಅಜ್ಜಿ ತಂದುಕೊಟ್ಟರು. ಪಕ್ಕದ ಹುಳದ ಮನೆಯಿಂದ ಸೋನೆ ಮಳೆಯಂಥ ಸದ್ದು ಬರುತ್ತಿತ್ತು. ಹುಳ ಪೊರೆ ಬಿಡುವಾಗ ಮೇವು ನಿಲ್ಲಿಸಿ ಮಲಗುತ್ತದೆ, ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಅವು ಸೊಪ್ಪು ತಿನ್ನುವ ಸದ್ದು ಇಡೀ ಮನೆಗೆ ಕೇಳುತ್ತದೆ.

"ನಾಲ್ಕನೇ ಜ್ವರ ಎದ್ದಿದೆ ಅನ್ಸುತ್ತೆ" ಅಂದರು ಆಪಾ.

"ಮೊನ್ನೆ ಎದ್ದಿದೆ. ಸೊಪ್ಪು ಹಾಕಿ ಹಾಕಿ ಸೊಂಟ ಬಿದ್ದೋಯ್ತು. ನಿಮಗೆ ಹೆಂಗೆ ಗೊತ್ತು?"

"ನಾನು ರೀಲರ್ ಮಗಳು. ಇವಳು ರೇಷ್ಮೆ ಮನೆಯವಳು. ಅಮ್ಮಾ, ಒಂದು ಮಾತು. ಎಲ್ಲಾ ಹುಳ ತಿಂತಿದೆ, ಒಂದು ಸ್ಟ್ಯಾಂಡಲ್ಲಿ ಮಾತ್ರ ಸದ್ದಿಲ್ಲ. ಹಾಕಿದ ಸೊಪ್ಪು ಹಾಕಿದ ಹಾಗೇ ಇದೆ. ಮುಟ್ಟಿದ್ರೆ ಹುಳ ತಣ್ಣಗಿದೆ. ಪಾಪ, ಸಾಧು ಹುಳ, ಗಲಾಟೆನೇ ಇಲ್ಲ ಅಂತೀರಾ?"

"ಅಯ್ಯೋ, ಬಿಡ್ತು ಅನ್ನಮ್ಮಾ! ಎಂಥಾ ಮಾತು!"

ಆಪಾ ಬಿಡ್ತು ಅನ್ನಲಿಲ್ಲ. ಅಜ್ಜಿ ಹುಳದ ಮನೆಯ ಕಡೆ ನೋಡಿದರು, ಆಮೇಲೆ ಬಾಣಂತಿ ರೂಮಿನ ಕಡೆ. ಆ ರೂಮಿನಿಂದ ಯಾವ ಸದ್ದೂ ಇರಲಿಲ್ಲ. ಒಳಗೆ ಹೋದವರು ಮಗುವನ್ನು ತಾವೇ ಎತ್ತಿಕೊಂಡು ಬಂದು ಆಪಾ ಮಡಿಲಿಗೆ ಹಾಕಿದರು.

ಮುಖ ಊದಿಕೊಂಡಿತ್ತು. ಕಣ್ಣಲ್ಲಿ ಹುಟ್ಟಿದಾಗಿನ ಹಳದಿ ಇನ್ನೂ ಇತ್ತು. ನಾಲಿಗೆ ತುಟಿಯಿಂದಾಚೆ ಸ್ವಲ್ಪ ಇಣುಕಿತ್ತು. ಅಷ್ಟು ಬಟ್ಟೆ ಸುತ್ತಿದ್ದರೂ ಅಂಗಾಲು ತಣ್ಣಗೆ. ಆಪಾ ಅದನ್ನು ತಮ್ಮ ಎರಡು ಅಂಗೈ ನಡುವೆ ಹಿಡಿದುಕೊಂಡರು, ಆಟೋ ಹತ್ತುವವರೆಗೂ, ಬಸ್ಸಿನಲ್ಲೂ, ಕೋಲಾರ ಬರುವವರೆಗೂ ಬಿಡಲಿಲ್ಲ. ಬಾಣಂತಿಯೂ ಅಜ್ಜಿಯೂ ನಮ್ಮ ಜೊತೆಗೇ ಬಂದರು. ಆಸ್ಪತ್ರೆಯಲ್ಲಿ ಮತ್ತೆ ರಕ್ತ ತೆಗೆದೆವು. ಸೂಜಿ ಚುಚ್ಚಿದಾಗ ಮಗು ಅಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ನೋವು ಈಗ ತಲುಪಿತೇನೋ ಎನ್ನುವ ಹಾಗೆ, ಗೊಗ್ಗರು ದನಿಯಲ್ಲಿ ಒಂದು ಸಲ ಮುಲುಗಿತು. ಡಾಕ್ಟರು ರಿಪೋರ್ಟಿಗೆ ಕಾಯದೆ ಗುಳಿಗೆ ಬರೆದರು. ಪುಡಿ ಮಾಡಿ, ಚಮಚದಲ್ಲಿ ತಾಯಿಯ ಹಾಲಿಗೆ ಕಲಸಿ, ಮೊದಲನೇ ಗುಳಿಗೆ ಕುಡಿಸಿದ್ದು ಅಜ್ಜಿ.

ವಾರದ ಮೇಲೆ ಆಡಳಿತದವರು ನಮ್ಮಿಬ್ಬರನ್ನೂ ಕರೆದು ರಿಜಿಸ್ಟರು ಮುಂದಿಟ್ಟರು. ಇಷ್ಟು ದಿನ ಯಾಕೆ ತಡ? ನಾನು ಬಾಯಿ ತೆರೆಯುವಷ್ಟರಲ್ಲಿ ಆಪಾ ಹೇಳಿದರು: "ಲ್ಯಾಬಿನ ಜವಾಬ್ದಾರಿ ನಂದು ಸಾರ್. ರಜೆ ಹೋಗುವಾಗ ಹುಡುಗಿಗೆ ನಾನು ಏನೂ ಹೇಳಿಕೊಟ್ಟು ಹೋಗಿರಲಿ‍ಲ್ಲ. ತವರು ಬರ್ಕೋಬೇಕು ಅಂತ ಅವಳಿಗೆ ಗೊತ್ತಿರಲಿಲ್ಲ."

ಸುಳ್ಳು. ನಾನು ನೆಲದ ಟೈಲ್ಸು ನೋಡುತ್ತಾ ನಿಂತಿದ್ದೆ. ಹೊರಗೆ ಬಂದ ಮೇಲೆ ಅತ್ತುಬಿಟ್ಟೆ.

"ಯಾಕಾಪಾ ಹಂಗಂದ್ರಿ?"

"ನಿನ್ನ ಕಿತ್ತು ಹಾಕಿದ್ರೆ ಆ ಮಗುಗೆ ಒಂಬತ್ತು ದಿನ ವಾಪಸ್ ಬರುತ್ತಾ? ನಿಮ್ಮಪ್ಪ ಬಾಗಿಲ ಮೇಲಿಂದ ಆ ಸರ್ಟಿಫಿಕೇಟ್ ಇಳಿಸ್ಬೇಕಾಗುತ್ತೆ. ಬಾಯ್ಮುಚ್ಕೊಂಡು ಕೆಲಸ ಕಲಿ."

ಲ್ಯಾಬಿನ ಇನ್‌ಚಾರ್ಜ್ ಸ್ಥಾನದಿಂದ ಅವರನ್ನು ತೆಗೆದರು. ಮುಂದಿನ ವರ್ಷ ಆ ಕುರ್ಚಿಗೆ ನನ್ನನ್ನು ಕೂರಿಸಿದರು. ಡಿಗ್ರಿ ಇದ್ದವಳು ನಾನೊಬ್ಬಳೇ. ಬೇಡ ಎನ್ನಲು ಕಾರಣ ಹೇಳಬೇಕಿತ್ತು. ಹೇಳಲಿಲ್ಲ. ಆಪಾ ಎದುರಿನ ಸ್ಟೂಲಿನಲ್ಲಿ ಕೂತು ರಕ್ತ ತೆಗೆಯುತ್ತಿದ್ದರು. ಜನರ ಮುಂದೆ ನನ್ನನ್ನು ಮೇಡಂ ಎನ್ನುತ್ತಿದ್ದರು, ಬಾಗಿಲು ಹಾಕಿದರೆ ಗೂಡಿನವಳೇ. ಅವರು ನನ್ನನ್ನು ಉಳಿಸಿದರು. ಉಳಿಸಿ, ಆ ಕುರ್ಚಿಯಲ್ಲಿ ಕೂಡಿಹಾಕಿದರು. ಎರಡೂ ನಿಜ.

ಆ ಮಗು ಮೊದಲು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ, ಈಗ ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರುತ್ತದೆ. ಅವರು ಬಂದ ದಿನ ಆಪಾ ಹೊರಗೆ ಹೋಗಿಬಿಡುತ್ತಿದ್ದರು, ರಕ್ತ ತೆಗೆಯುವುದು ನನ್ನ ಪಾಲಿಗೆ. ಎರಡನೇ ತಿಂಗಳಿಗೇ ಮಗು ಕಾರಿಡಾರಿಗೆಲ್ಲ ಕೇಳುವ ಹಾಗೆ ಕಿರುಚಿತು. ಶಹಬ್ಬಾಸ್ ಎನ್ನಲು ನನಗೆ ಬಾಯಿ ಬರಲಿಲ್ಲ.

ಚೆನ್ನಾಗಿಯೇ ಬೆಳೆದಳು. ನಡೆದಳು, ಓಡಿದಳು, ಮಾತು ಸ್ವಲ್ಪ ತಡ. ಈಗ ಐದನೇ ಕ್ಲಾಸು. ಹಾಡಿಗೆ ಮುಂದೆ. ಓದುವುದು ನಿಧಾನ, ಮಗ್ಗಿ ಏಳರ ಮೇಲೆ ಹೋಗುವುದಿಲ್ಲ. ಎಷ್ಟೋ ಮಕ್ಕಳಿಗೆ ಹೋಗುವುದಿಲ್ಲ. ಆದರೆ ಆ ಮಕ್ಕಳನ್ನು ನೋಡಿ ನಾನು ದಿನ ಎಣಿಸುವುದಿಲ್ಲ. ಇವಳು ಒಂದು ಪದಕ್ಕೆ ತಡವರಿಸಿದರೂ ಸಾಕು, ಇದು ಆ ಒಂಬತ್ತರಲ್ಲಿ ಯಾವ ದಿನದ್ದು ಎನ್ನಿಸುತ್ತದೆ.

ಆಪಾ ಕೆಲಸ ಬಿಡುವ ವಾರ ಒಂದು ಸಲ ಕೇಳಿಯೇಬಿಟ್ಟೆ.

"ಆ ತಾಯಿಗೆ ನಿಜ ಹೇಳಿಬಿಡ್ತೀನಿ ಆಪಾ."

"ನಕ್ಕೋ, ಬೇಡ. ಹೇಳಿ ಏನ್ಮಾಡ್ತೀಯ? ನಿನಗೆ ಹಗುರ ಆಗುತ್ತೆ, ಆಯಮ್ಮನಿಗೆ?"

"ಮಗ್ಗಿ ಬರ್ತಿಲ್ಲ ಆ ಹುಡುಗಿಗೆ."

"ನನಗೂ ಬರಲ್ಲ. ನಾನೇನು ಗುಳಿಗೆ ತಗೊಂಡು ಬೆಳೆದ್ನಾ?"

"ತಮಾಷೆ ಬೇಡ. ಆ ಒಂಬತ್ತು ದಿನದಿಂದ ಹಿಂಗಾಯ್ತಾ, ಇಲ್ವಾ? ಅಷ್ಟು ಹೇಳಿ."

ಆಪಾ ಸೂಜಿಗಳ ಡಬ್ಬಿ ಮುಚ್ಚಿದರು. "ಗೊತ್ತಿಲ್ಲ ಬೇಟಾ. ಯಾವ ಮೆಷಿನ್ನೂ ಹೇಳಲ್ಲ. ನಿನ್ನ ಡಿಗ್ರಿನೂ ಹೇಳಲ್ಲ. ನಂಗೆ ಗೊತ್ತಿದ್ದಿದ್ರೆ ನಿಂಗೆ ಹೇಳದೆ ಇರ್ತಿದ್ನಾ?"

ಅದು ನಮ್ಮ ಕೊನೆಯ ದೊಡ್ಡ ಮಾತು.

ಹೋದ ವಾರ ತಾಯಿ ಮಗಳು ಪರೀಕ್ಷೆಗೆ ಬಂದರು. ತಾಯಿ ಬಾಗಿಲಲ್ಲಿ ನಿಂತು ಸ್ಟೂಲಿನ ಕಡೆ ನೋಡಿದಳು.

"ಎಲ್ಲಿ ಅವರು? ಆ ದೊಡ್ಡಮ್ಮ?"

"ತೀರಿಕೊಂಡ್ರು. ಹೋದ ತಿಂಗಳು."

ಅವಳು ಬೆಂಚಿನ ಮೇಲೆ ಕೂತಳು. ನಾನು ಹುಡುಗಿಯನ್ನು ತೂಕ ನೋಡಿಸಿಕೊಂಡು ಬಾ ಎಂದು ನರ್ಸಿನ ಹತ್ತಿರ ಕಳಿಸಿದೆ. ಬಾಗಿಲು ಎತ್ತಿ ಮುಚ್ಚಿದೆ. ಎಲ್ಲ ಹೇಳಿದೆ. ರಿಪೋರ್ಟು ಬಂದ ದಿನ, ನಾನು ಬರೆದ ಆ ಒಂದು ಪದ, ಕೇಳದೇ ಹೋದ ತವರು, ಸುಮ್ಮನೆ ಕೂತ ಒಂಬತ್ತು ದಿನ. ತಪ್ಪು ನನ್ನದು ಎಂದೆ. ಹೇಳಿ ಮುಗಿಸಿ, ಬರುವುದನ್ನೆಲ್ಲ ತಡೆದುಕೊಳ್ಳಲು ಕೈಕಟ್ಟಿ ನಿಂತೆ.



"ನಂಗೆ ಹಂಗೆ ಹೇಳಿರಲಿಲ್ಲ ಅವರು" ಅಂದಳು. "ಗುಳಿಗೆ ಶುರು ಮಾಡಿದ ದಿನ ನೀವು ಔಷಧಿ ತರಕ್ಕೆ ಹೋಗಿದ್ರಿ. ಇನ್ನೂ ಮುಂಚೆ ಬಂದಿದ್ರೆ ಒಳ್ಳೇದಿತ್ತು ಅಂದ್ರು ಡಾಕ್ಟ್ರು. ಯಾಕೆ ಮುಂಚೆ ಹೇಳಲಿಲ್ಲ ಅಂತ ನಾನು ಕೇಳ್ದೆ. ನನ್ನಿಂದ ತಡ ಆಯ್ತಮ್ಮ ಅಂದ್ರು ಆ ದೊಡ್ಡಮ್ಮ. ಅಷ್ಟೇ. ಬೇರೆ ಯಾರ ಹೆಸರೂ ಎತ್ತಲಿಲ್ಲ."

"ಆಮೇಲೆ?"

"ಆಮೇಲೆ ಏನು. ಬಂದಾಗೆಲ್ಲ ಹೊರಗೆ ಕಾರಿಡಾರಲ್ಲಿ ಹಿಡ್ಕೊಂಡು ಬೈತಿದ್ದೆ. ಇವಳಿಗೆ ಮಾತು ಬರೋದು ತಡ ಆದಾಗ ಬೈದೆ. ಸ್ಕೂಲಲ್ಲಿ ಮೇಷ್ಟ್ರು ದಡ್ಡಿ ಅಂದಾಗ ಬಂದು ಬೈದೆ. ನಿಮ್ಮ ಹೊಟ್ಟೇಲಿ ಹುಟ್ಟಿದ್ರೆ ಹಂಗೆ ಬಿಡ್ತಿದ್ರಾ ಅಂದೆ. ಬಾಯಿಗೆ ಬಂದ ಶಾಪ ಎಲ್ಲಾ ಹಾಕಿದೀನಿ. ನಿಂತ್ಕೊಂಡು ಕೇಳೋರು, ಮಗು ಊಟ ಮಾಡ್ತಾಳಾ ಅಂತ ಕೇಳಿ ಹೋಗೋರು."

ಬಾಗಿಲ ಆಚೆ ಹುಡುಗಿ ವಾಪಸು ಬಂದು ತಟ್ಟಿದಳು. ನಾನು ಕದಲಲಿಲ್ಲ. ತಾಯಿಯೇ ಎದ್ದು, ಎರಡು ಕೈಯಲ್ಲಿ ಬಾಗಿಲು ಎತ್ತಿ ತೆಗೆದು, ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ ತೋಳು ಮಡಚಿದಳು.

"ನನ್ನನ್ನೂ ಬೈಯಮ್ಮ" ಅಂದೆ.

"ಬೈಯೋದೆಲ್ಲ ಅವರಿಗೇ ಬೈದು ಮುಗಿಸಿಬಿಟ್ಟೆ ಮೇಡಂ. ನಿಮಗೆ ಅಂತ ಏನೂ ಉಳಿದಿಲ್ಲ. ರಕ್ತ ತಗೊಳ್ಳಿ, ಬಸ್ಸಿಗೆ ಹೊತ್ತಾಯ್ತು."